ಸ್ನೇಹಲತಾಳ ಸರ್ವೀಸು

ಕುಂದಾಪುರದ ಕೋಡಿಯಲ್ಲಿ ಪ್ರಫುಲ್ಲಾ ಅವರ ಮನೆಯನ್ನು ಹುಡುಕಿಕೊಂಡು ಬರುವವರು ಅವರ ಹೆಸರನ್ನು ಹೇಳಬೇಕಾಗಿಲ್ಲ. ‘ಚಾಂಪ್ಯನಕ್ಕನ ಮನಿ’ ಎಂದರೆ ಸಾಕು, ರಿಕ್ಷಾದವರು ಮರುಮಾತಿಲ್ಲದೆ ಅಂಗಳದ ತುದಿಗೆ ತಂದು ಇಳಿಸುತ್ತಾರೆ. ಎಂಬತ್ತರ ಹತ್ತಿರಕ್ಕೆ ಬಂದಿರುವ ಈ ಹೆಂಗಸು ಅರುವತ್ತರ ದಶಕದಲ್ಲಿ ಟೆನಿಸ್ ಆಡಿ ರಾಜ್ಯವನ್ನೇ ಗೆದ್ದವರು ಎಂಬುದು ಊರಿನ ಹೆಮ್ಮೆ. ಆದರೆ ಯಾರಾದರೂ ಆ ಹೆಸರಿನಿಂದ ಕೂಗಿದರೆ ಅವರು ತಿರುಗಿ ನೋಡುವುದಿಲ್ಲ. ವಯಸ್ಸಿಗೆ ಕಿವಿ ಮಂದವಾಗಿದೆಯೆಂದು ಜನ ತಿಳಿದಿದ್ದರು. ಕಿವಿ ಮಂದವಾಗಿರಲಿಲ್ಲ. ತಾನು ಚಾಂಪಿಯನ್ ಹೌದೋ ಅಲ್ಲವೋ ಎಂಬುದು ಅವರ ಮಟ್ಟಿಗೆ ಇತ್ಯರ್ಥವಾಗಿರಲಿಲ್ಲ. ಒಂದು ಪಾಯಿಂಟ್ ಆಡುವುದು ಬಾಕಿ ಇತ್ತು. ಅದನ್ನು ಎದುರು ನಿಂತು ಆಡಬೇಕಾದವಳು ಹೊಳೆಯ ಪಾಲಾಗಿದ್ದಳು.

ಪ್ರಫುಲ್ಲಾ ಅವರ ತಂದೆ ಮಂಜಯ್ಯ ಬಲೆ ಹೆಣೆಯುವುದರಲ್ಲಿ ಹೆಸರಾದವರು. ಕುಂದಾಪುರದ ಅಧಿಕಾರಿಗಳು ಸಂಜೆಯ ಹೊತ್ತು ಕಳೆಯುವುದಕ್ಕೆಂದು ಕಟ್ಟಿಕೊಂಡಿದ್ದ ಒಂದು ಕ್ಲಬ್ಬು ಆಗ ಹೊಳೆಯ ಬದಿಯಲ್ಲಿತ್ತು. ಅದರ ಹಿಂದೆ ಹಂಚಿನ ಪುಡಿ ಹಾಸಿದ ಕೆಂಪನೆಯ ಟೆನಿಸ್ ಅಂಗಳ. ಮದರಾಸಿನಿಂದ ತರಿಸಿದ ನೆಟ್ಟು ಉಪ್ಪುಗಾಳಿಗೆ ಬೇಗ ಲಡ್ಡಾಗಿ ಹರಿಯುತ್ತಿದ್ದುದರಿಂದ, ಮಳೆಗಾಲ ಮುಗಿದೊಡನೆ ಮಂಜಯ್ಯನವರಿಗೆ ಕರೆ ಬರುತ್ತಿತ್ತು. ಅವರು ಮೀನಿನ ಬಲೆಗೆ ಹಾಕುವ ಗಂಟನ್ನೇ ಹಾಕಿ ಟೆನಿಸಿನ ನೆಟ್ಟನ್ನು ಹೆಣೆದು, ಎರಡು ಕಂಬಗಳ ನಡುವೆ ಬಿಗಿದು ಬರುತ್ತಿದ್ದರು. ದಾರದ ಉಂಡೆ ಹಿಡಿದು ಜೊತೆಗೆ ಹೋಗುತ್ತಿದ್ದ ಮಗಳು ಒಂದು ದಿನ, ಜೊತೆಗಾರರು ಸಿಗದೆ ಬೇಸರಗೊಂಡಿದ್ದ ಅಧಿಕಾರಿಯೊಬ್ಬರ ಹೆಂಡತಿಯ ಎದುರು ರ್‍ಯಾಕೆಟ್ ಹಿಡಿದು ನಿಂತಳು. ಆ ಸಂಜೆ ಮುಗಿಯುವ ಹೊತ್ತಿಗೆ ಆಕೆಗೆ ಏದುಸಿರು ಬಂದಿತ್ತು. ಮಂಜಯ್ಯನ ಮಗಳಿಗೆ ಬಂದಿರಲಿಲ್ಲ.

ಟೆನಿಸ್ ಆಡಿ ಹಣ ಪಡೆಯುವುದು ಕೀಳು ಎಂದು ದೊಡ್ಡವರೆಲ್ಲ ನಂಬಿದ್ದ ಕಾಲ ಅದು. ಗೆದ್ದವರಿಗೆ ಒಂದು ಬೆಳ್ಳಿಯ ಕಪ್ಪು. ಅದನ್ನೂ ಮುಂದಿನ ವರ್ಷ ತೊಳೆದು ಒರೆಸಿ ಹಿಂದಿರುಗಿಸಬೇಕು. ಪ್ರಫುಲ್ಲಾ ಹಗಲು ಬೈಂದೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ, ಸಂಜೆ ಬಸ್ಸಿನಲ್ಲಿ ಬಂದು, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಆಡಿದರು. ಯಾರ ಹಂಗಿಗೂ ಬೀಳದೆ ಆಡಿದರು ಎಂಬುದನ್ನು ಇಲ್ಲಿ ಹೇಳಲೇಬೇಕು.

ಅವರಿಗೆ ಸರಿಸಮಾನಳಾಗಿದ್ದವಳು ಒಬ್ಬಳೇ: ಹೊಳೆಯಾಚೆ ಗಂಗೊಳ್ಳಿಯ ವ್ಯಾಪಾರಿಯೊಬ್ಬರ ಮಗಳು ಸ್ನೇಹಲತಾ. ಅವಳದು ಹುಟ್ಟಿನಿಂದ ಎಡಗೈ. ಉಣ್ಣುವುದನ್ನೂ ಬರೆಯುವುದನ್ನೂ ಮನೆಯವರು ಗದರಿಸಿ ಬಲಗೈಗೆ ತಂದಿದ್ದರು. ಟೆನಿಸನ್ನು ಯಾವ ಕೈಯಲ್ಲಿ ಆಡಬೇಕೆಂದು ಯಾರಿಗೂ ತಿಳಿಯದಿದ್ದುದರಿಂದ ಅದೊಂದು ಮಾತ್ರ ಎಡಗೈಯಲ್ಲೇ ಉಳಿದಿತ್ತು. ಎದುರಿನವರ ಎಡ ಅಂಕಣಕ್ಕೆ ಅವಳು ಹೊಡೆಯುವ ಸರ್ವೀಸು ನೆಲಕ್ಕೆ ಬಿದ್ದೊಡನೆ ಹಾವಿನಂತೆ ಇನ್ನಷ್ಟು ಎಡಕ್ಕೆ ಹೊರಳಿ, ಅವರ ಕೈಗೆ ಸಿಗದೆ ಹೋಗುತ್ತಿತ್ತು. ಪ್ರಫುಲ್ಲಾ ಅವರಿಗೆ ಆ ಒಂದು ಚೆಂಡನ್ನು ಒಮ್ಮೆಯೂ ಸರಿಯಾಗಿ ಹಿಂದಿರುಗಿಸಲು ಆಗಿರಲಿಲ್ಲ.

ಸಾವಿರದ ಒಂಬೈನೂರ ಅರುವತ್ತಾರರ ತುಲಾ ತಿಂಗಳಿನಲ್ಲಿ, ಅಂದರೆ ಅಕ್ಟೋಬರ್ ಕೊನೆಗೆ, ಕರಾವಳಿಯ ಮಹಿಳಾ ಚಾಂಪಿಯನ್‌ಶಿಪ್ಪಿನ ಕೊನೆಯ ಪಂದ್ಯ ಅದೇ ಅಂಗಳದಲ್ಲಿ ನಡೆಯಿತು. ಸ್ನೇಹಲತಾ ಹೊಳೆಯ ಬದಿಗೆ, ಪ್ರಫುಲ್ಲಾ ರಸ್ತೆಯ ಬದಿಗೆ. ಒಂದೊಂದು ಸೆಟ್ಟನ್ನು ಇಬ್ಬರೂ ಗೆದ್ದಿದ್ದರು. ಮೂರನೆಯದರಲ್ಲಿ ಸ್ನೇಹಲತಾ ಮುಂದಿದ್ದಳು. ಇನ್ನೊಂದು ಪಾಯಿಂಟ್ ಬಂದರೆ ಕಪ್ಪು ಅವಳದು. ಸರ್ವೀಸೂ ಅವಳದೇ, ಎಡ ಅಂಕಣಕ್ಕೆ. ಅವಳು ಚೆಂಡನ್ನು ಹಿಡಿದು ಗೆರೆಯ ಬಳಿ ನಿಂತಾಗಲೇ ಕೋಡಿಯ ಕಡೆಯಿಂದ ಕಪ್ಪು ಮೋಡ ಬಂದು ಕವಿಯಿತು. ಗುಡುಗು ಮಳೆ ಅಂಗಳವನ್ನು ಕೆಸರು ಮಾಡಿತು. ತೀರ್ಪುಗಾರರು ಆಟವನ್ನು ಮರುದಿನ ಬೆಳಿಗ್ಗೆಗೆ ಮುಂದೂಡಿದರು.

ಮಳೆಯಲ್ಲೇ ಇಬ್ಬರೂ ನೆಟ್ಟಿನ ಬಳಿ ಬಂದರು.

“ಹ್ವಾಯ್ ಪ್ರಪುಲ್ಲಾ, ನಾಳಿಗೆ ಒಂದೇ ಪೆಟ್ಟ್. ಅದ್ಕೆ ನೀನ್ ಬೆಳಿಗ್ಗೆ ಎದ್ದ್ ಬಪ್ಪುದೇ ದಂಡ,” ಎಂದಳು ಸ್ನೇಹಲತಾ.

“ನೀನ್ ಹೊಡಿ, ಕಾಂಬ. ಈ ಸರ್ತಿ ವಾಪಾಸ್ ಬತ್ತ್.”

“ಯಾವತ್ತ್ ಬಂದಿತ್ತ್, ನಾಳಿಗೆ ಬಪ್ಪುಕೆ?”

“ಚೆಂಡ್ ಇಟ್ಟಿಕ್ಕಿ ಹೋಗ್ ಮರಾಯ್ತಿ. ಅದ್ ಕ್ಲಬ್ಬಿಂದ್.”

“ನಾಳಿಗೆ ತಕಂಡ್ ಬತ್ತೆ. ಸರ್ವೀಸ್ ನಂದಲ್ದಾ? ಚೆಂಡೂ ನಂದೇ.” ಸ್ನೇಹಲತಾ ಚೆಂಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದೋಣಿಗಟ್ಟೆಯ ಕಡೆ ಓಡಿದಳು.

ಗಂಗೊಳ್ಳಿಗೆ ಹೋಗುವ ದೋಣಿ ಹೊಳೆ ಕಡಲು ಸೇರುವ ಅಳಿವೆಯ ಸುಳಿಗಾಳಿಗೆ ಸಿಕ್ಕಿ ಮಗುಚಿತು. ಕೋಡಿಯ ಗಂಡಸರೆಲ್ಲ ಬಲೆ ಹಿಡಿದು ಹೋದರು. ಮಂಜಯ್ಯನವರೂ ಹೋದರು. ಉಳಿದವರೆಲ್ಲ ಜೀವಂತವಾಗಿ ದಡ ಸೇರಿದರು. ಸ್ನೇಹಲತಾ ಸಿಗಲಿಲ್ಲ. ಮರುದಿನವೂ ಸಿಗಲಿಲ್ಲ, ಆಮೇಲೂ ಸಿಗಲಿಲ್ಲ. ಎದುರಾಳಿ ಬಾರದಿದ್ದರೆ ಬಂದವರೇ ಗೆದ್ದಂತೆ ಎಂದು ನಿಯಮವಿತ್ತು. ಅದಕ್ಕೆ ವಾಕ್ ಓವರ್ ಎಂದು ಹೆಸರಿತ್ತು. ಕ್ಲಬ್ಬಿನ ಹಿರಿಯರು ಕಪ್ಪನ್ನು ತಂದು ಪ್ರಫುಲ್ಲಾ ಅವರ ಕೈಗೆ ಕೊಟ್ಟರು.

“ಆಡದೆ ತಕಂಬುದ್ ಹ್ಯಾಂಗೆ?” ಎಂದು ಪ್ರಫುಲ್ಲಾ ಕೇಳಿದರು. ಹಿರಿಯರಲ್ಲೊಬ್ಬರು, “ಆಡುವವಳೇ ಇಲ್ಲವಲ್ಲ ತಂಗಿ,” ಎಂದರು.

ಅಲ್ಲಿಂದ ಮುಂದೆ ಪ್ರಫುಲ್ಲಾ ಸೋತದ್ದಿಲ್ಲ. ಮಂಗಳೂರಿನಲ್ಲಿ ಗೆದ್ದರು, ಶಿವಮೊಗ್ಗದಲ್ಲಿ ಗೆದ್ದರು. ಮೈಸೂರಿನ ಪಂದ್ಯದಲ್ಲಿ ಮಾತ್ರ ಒಂದು ಸಣ್ಣ ಗಲಾಟೆಯಾಯಿತು. ಬಿರುಬಿಸಿಲಿನ ಏಪ್ರಿಲ್ ತಿಂಗಳು. ನೆಲವೆಲ್ಲ ಒಣಗಿ ಧೂಳೆದ್ದಿರುವಾಗ, ಎದುರಾಳಿ ಸರ್ವೀಸಿಗೆ ನಿಲ್ಲುವ ಗೆರೆಯ ಹಿಂದೆ ಅಂಗೈಯಗಲದ ಎರಡು ಕಡೆ ಮಣ್ಣು ಒದ್ದೆಯಾಗಿತ್ತು. ನೀರು ಹಾಕಿದವರು ಯಾರೆಂದು ಅಂಗಳದ ಕೆಲಸದವರು ತಮ್ಮೊಳಗೇ ಜಗಳಾಡಿದರು. ಒಣಮಣ್ಣು ತಂದು ಮುಚ್ಚಿದರು. ಮುಚ್ಚಿದ ಮಣ್ಣೂ ಒದ್ದೆಯಾಯಿತು. ಒಬ್ಬರು ಪಾದಗಳನ್ನು ಜೋಡಿಸಿ ನಿಲ್ಲುವಷ್ಟೇ ಜಾಗ ಅದು ಎಂಬುದನ್ನು ಕಂಡವರು ಪ್ರಫುಲ್ಲಾ ಒಬ್ಬರೇ.

ಬೆಂಗಳೂರಿನಲ್ಲಿ ರಾಜ್ಯದ ಚಾಂಪಿಯನ್‌ಶಿಪ್ಪಿಗೆ ಆಡುತ್ತಿದ್ದಾಗ, ಆ ಮಳೆಯ ದಿನದ ನಂತರ ಮೊದಲ ಬಾರಿಗೆ, ಅವರು ಸೋಲಿನ ಅಂಚಿಗೆ ಬಂದರು. ಎದುರಾಳಿಗೆ ಒಂದೇ ಪಾಯಿಂಟ್ ಬೇಕಿತ್ತು. ಆ ಹುಡುಗಿ ಚೆಂಡನ್ನು ಮೇಲಕ್ಕೆ ಎಸೆಯುವ ಮೊದಲೇ ಪ್ರಫುಲ್ಲಾ ಎಡಕ್ಕೆ ಹಾರಿ ಬರಿಗಾಳಿಗೆ ರ್‍ಯಾಕೆಟ್ ಬೀಸಿದರು. ಜನ ನಕ್ಕರು. ಅವರ ಕಿವಿಗೆ ಮಾತ್ರ, ಟಕ್ ಎಂಬ ಸದ್ದು ಸ್ಪಷ್ಟವಾಗಿ ಕೇಳಿಸಿತ್ತು. ಆ ಪಂದ್ಯವನ್ನೂ ಅವರು ಗೆದ್ದರು. ಗೆದ್ದ ದಿನವೇ ಆಟವನ್ನು ಬಿಟ್ಟರು. ಆಡಿ ಹಣ ಪಡೆಯುವುದು ತಪ್ಪಲ್ಲವೆಂದು ಜಗತ್ತು ಒಪ್ಪಿಕೊಂಡದ್ದೂ ಅದೇ ವರ್ಷ. ಹಣವಿದ್ದಿದ್ದರೆ ಆಡುತ್ತಿದ್ದಿರಾ ಎಂದು ಕೇಳಿದವರಿಗೆ ಅವರು ಇಲ್ಲ ಎಂದಷ್ಟೇ ಹೇಳುತ್ತಿದ್ದರು. ನಿವೃತ್ತಿಯವರೆಗೆ ಬೈಂದೂರಿನಲ್ಲಿ ದುಡಿದರು. ಮದುವೆಯಾಗಲಿಲ್ಲ. ಕ್ಲಬ್ಬಿನ ಗೇಟನ್ನು ಮತ್ತೆ ದಾಟಲಿಲ್ಲ.

ಕ್ಲಬ್ಬು ಮುಚ್ಚಿ, ಅಂಗಳಕ್ಕೆ ಕಾಡುಬಳ್ಳಿ ಹಬ್ಬಿ, ಅಲ್ಲೊಂದು ಆಟದ ಜಾಗವಿತ್ತೆಂಬುದೇ ಊರಿಗೆ ಮರೆತುಹೋಯಿತು. ಕಳೆದ ವರ್ಷ ಮುಂಬಯಿಯಿಂದ ಬಂದ ರತೀಶ್ ಎಂಬವರು ಆ ಜಾಗವನ್ನು ಕೊಂಡರು. ಬ್ರಹ್ಮಾವರದಲ್ಲಿ ಇರುವಂತೆ, ಸುತ್ತ ಬಲೆ ಕಟ್ಟಿ ದೀಪ ಹಾಕಿದ ಕ್ರಿಕೆಟ್ ಟರ್ಫ್ ಮಾಡುವುದು ಅವರ ಯೋಜನೆ. ಜೆಸಿಬಿ ಬಂದು ಬಳ್ಳಿಯನ್ನೆಲ್ಲ ಎಳೆದುಹಾಕಿತು. ಕೆಂಪು ನೆಲ ಕಾಣಿಸಿತು, ತುಕ್ಕು ಹಿಡಿದ ಎರಡು ಕಂಬಗಳು ಕಾಣಿಸಿದವು. ಅಂದು ಸಂಜೆಯೇ ಜೆಸಿಬಿ ಓಡಿಸುತ್ತಿದ್ದ ಯೋಗೀಶ್ ಯಂತ್ರವನ್ನು ಅಲ್ಲೇ ಬಿಟ್ಟು ಮನೆಗೆ ಹೋದ.

ಸುದ್ದಿಯನ್ನು ತಂದವಳು ಪ್ರಫುಲ್ಲಾ ಅವರ ತಮ್ಮನ ಮೊಮ್ಮಗಳು ಧನ್ಯಶ್ರೀ. ಅವಳು ಬ್ರಹ್ಮಾವರದ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕಿ. ಪ್ರಫುಲ್ಲಾ ಅವರ ಜೊತೆಯಲ್ಲೇ ವಾಸ. ಟರ್ಫಿನಲ್ಲಿ ಮಕ್ಕಳಿಗೆ ಆಟ ಕಲಿಸಲು ರತೀಶ್ ಅವಳನ್ನು ಗೊತ್ತು ಮಾಡಿದ್ದರು.

“ಸಂಜಿ ಆದ್ ಕೂಡ್ಲೆ ಟಕ್ ಅಂದೇಳಿ ಒಂದ್ ಪೆಟ್ಟ್, ಅಮ್ಮಮ್ಮ. ನಾನೂ ಕೇಂಡೆ. ಯೋಗೀಶ್ ಚಪ್ಪಲ್ ಸಾ ಹಾಕದೆ ಓಡ್ದ.”

ಪ್ರಫುಲ್ಲಾ ಬಂಗುಡೆ ಕೊಯ್ಯುತ್ತಿದ್ದರು. ಕೈ ನಿಲ್ಲಿಸಲಿಲ್ಲ. “ಒಂದೇ ಪೆಟ್ಟಾ? ಎರಡಾ?”

“ಒಂದೇ. ಮತ್ತೆ ನೆಲಕ್ಕೆ ತಪ್ ಅಂದೇಳಿ ಬಿದ್ದ ಸದ್ದ್. ಮತ್ತೆ ಕಂಪೌಂಡಿಗೆ ಬಡ್ದ ಹಂಗೆ. ಅಷ್ಟೇ.”

“ಯಾವ ಕಂಪೌಂಡಿಗೆ?”

“ರಸ್ತಿ ಬದಿದ್. ಹೊಳಿಗೆ ಮುಖ ಮಾಡಿ ನಿಂತ್ರೆ ಎಡದ ಮೂಲಿ.”

ಕತ್ತಿ ಮೀನಿನ ಮೇಲೆ ನಿಂತಿತು. ಹಿಂದಿರುಗಿಸುವವರಿಲ್ಲದ ಸರ್ವೀಸು ಅದು ಎಂಬುದನ್ನು ತಿಳಿಯಲು ಪ್ರಫುಲ್ಲಾ ಅವರಿಗೆ ಬೇರೇನೂ ಬೇಕಾಗಿರಲಿಲ್ಲ.

ಮರುದಿನವೂ ಸದ್ದು ಕೇಳಿಸಿತು, ಅದರ ಮರುದಿನವೂ. ಕೆಲಸದವರು ಬರಲೊಪ್ಪಲಿಲ್ಲ. ಊರವರ ಸಲಹೆಯಂತೆ ರತೀಶ್ ಅಂಗಳದಲ್ಲೇ ದೈವದ ದರ್ಶನ ಮಾಡಿಸಿ, ಮೈಮೇಲೆ ದೈವ ಬರುವ ನಾಗ ಎಂಬ ಪಾತ್ರಿಯ ಬಾಯಿಂದ ಕಾರಣ ಕೇಳಿಸಿದರು. ಪಾತ್ರಿ ಹೇಳಿದ್ದನ್ನೆಲ್ಲ ನಡೆಸಿದ ಮೇಲೂ ಸದ್ದು ನಿಲ್ಲದಿದ್ದಾಗ, ಅಲ್ಲಿ ಹಿಂದೆ ಆಡಿದವರೊಬ್ಬರಿದ್ದಾರೆಂದು ತಿಳಿದು ಧನ್ಯಶ್ರೀಯ ಜೊತೆ ಕೋಡಿಗೆ ಬಂದರು.

“ನಾನು ಬೆಳೆದದ್ದೆಲ್ಲ ಮುಂಬೈಯಲ್ಲಿ, ಪ್ರಫುಲ್ಲಕ್ಕ. ಇಲ್ಲಿಯ ಕ್ರಮ ನನಗೆ ಪೂರಾ ಗೊತ್ತಾಗುದಿಲ್ಲ. ಪಾತ್ರಿ ಬಲಿ ಕೇಳಿದ, ಬಲಿ ಕೊಟ್ಟೆ. ಆದ್ರೂ ಆ ಆವಾಜ್ ನಿಲ್ಲುದಿಲ್ಲ.”

“ಅವ ಹೇಳಿದ್ದನ್ನ ಅವ್ನ ಮಾತಂಗೇ ಹೇಳಿ,” ಎಂದರು ಪ್ರಫುಲ್ಲಾ.

ಧನ್ಯಶ್ರೀ ಹೇಳಿದಳು: “‘ನಡುಗೆ ಬಲಿ ಕಟ್ಟಿ. ಬಲಿ ಇಲ್ದೆ ಅದ್ ಮುಗಿಯ.’ ಮತ್ತೆ ಮತ್ತೆ ಅದನ್ನೇ ಹೇಳ್ದ.”

“ನೀವ್ ಎಂತ ಕಟ್ಟಿರಿ?”

“ಬಿಳಿ ಹುಂಜ,” ಎಂದರು ರತೀಶ್. “ಕರೆಕ್ಟಾಗಿ ಅಂಗಳದ ನಡುವೆ, ಒಂದು ಗೂಟಕ್ಕೆ.” ಆಮೇಲೆ ದನಿ ತಗ್ಗಿಸಿದರು. “ಕೊಯ್ಯುವ ಮೊದಲು ಆ ಸದ್ದು ಬಂತು. ಹುಂಜ ಹೊಳೆಯ ಕಡೆಯಿಂದ ರಸ್ತೆಯ ಕಡೆಗೆ ಕುತ್ತಿಗೆ ತಿರುಗಿಸಿತು, ಪ್ರಫುಲ್ಲಕ್ಕ. ಮ್ಯಾಚ್ ನೋಡುವವರು ತಿರುಗಿಸ್ತಾರಲ್ಲ, ಹಾಗೆ.”

“ಆ ಹುಂಜನ್ನ ತಿಂದದ್ದ್ ಯಾರ್?”

“ಕೆಲಸದವರು.”

“ಅವ್ರಿಗಾರೂ ಆತಲ್ಲ.” ಪ್ರಫುಲ್ಲಾ ಧನ್ಯಶ್ರೀಯ ಕಡೆ ತಿರುಗಿ, ಜಗಲಿಯ ಮೂಲೆಯತ್ತ ಗಲ್ಲ ತೋರಿಸಿದರು. “ಹೆಣ್ಣೇ, ಅಲ್ಲಿ ನೇತ್ ಹಾಕಿದ್ದಕ್ಕೆ ಎಂತ ಅಂಬ್ರ್?”

“ಅದಾ? ಅದ್ ಬಲಿ...” ಎಂದವಳ ಮಾತು ಅಲ್ಲೇ ನಿಂತಿತು.

ಅಲ್ಲಿ ನೇತುಹಾಕಿದ್ದು ಮಂಜಯ್ಯನವರ ಕಾಲದ ಮೀನಿನ ಬಲೆ. ಪುಸ್ತಕದಲ್ಲಿ ಅದನ್ನು ಬಲೆ ಎಂದು ಬರೆಯುತ್ತಾರೆ. ಆದರೆ ಕುಂದಾಪುರದ ಬಾಯಿಯಲ್ಲಿ ಮನೆ ಮನಿಯಾಗುವಂತೆ, ತಲೆ ತಲಿಯಾಗುವಂತೆ, ಬಲೆ ಬಲಿಯಾಗುತ್ತದೆ. ಕೋಡಿಯಲ್ಲೇ ಹುಟ್ಟಿದ ಧನ್ಯಶ್ರೀಗೆ ಕೂಡ, ಅಡಿಕೆಯ ಹಿಂಗಾರ ಹಿಡಿದು ನಡುಗುತ್ತಿದ್ದ ಪಾತ್ರಿಯ ಎದುರು ಆ ಮಾತಿನಲ್ಲಿ ರಕ್ತವಲ್ಲದೆ ಬೇರೇನೂ ಕೇಳಿಸಿರಲಿಲ್ಲ. ನಾಗನನ್ನು ಕೇಳೋಣವೆಂದರೆ ದರ್ಶನ ಇಳಿದ ಮೇಲೆ ಅವನಿಗೆ ತಾನು ಆಡಿದ ಒಂದು ಮಾತೂ ನೆನಪಿರುವುದಿಲ್ಲ.

“ಅದ್ ನೆಟ್ ಕೇಂಡದ್ದ್,” ಎಂದರು ಪ್ರಫುಲ್ಲಾ. “ನೆಟ್ ಇಲ್ದೆ ಪಾಯಿಂಟ್ ಆಡುಕ್ ಆತಿಲ್ಲೆ. ಆ ಕಂಬ ಯಾವಾಗ ಕೀಳ್ತ್ರಿ?”

“ಸೋಮವಾರ ಅಂತ ಇದೆ. ತಡ ಮಾಡಿದ್ರೆ ನನಗೆ ಕಷ್ಟ.”

“ತಡ ಆತಿಲ್ಲೆ. ಭಾನುವಾರ ಸಂಜಿಗೆ ಅಂಗಳ ನಂಗೆ ಬಿಡಿ.”

ರತೀಶ್ ಹೋದ ಮೇಲೆ ಧನ್ಯಶ್ರೀ ಕೇಳಿದಳು: “ನೀವ್ ಸೋತ್ರೆ ಎಂತ ಆತ್, ಅಮ್ಮಮ್ಮ?”

“ಸೋತ್ರೆ ನಾನ್ ಚಾಂಪಿಯನ್ ಅಲ್ಲ. ಗೆದ್ರೆ ಆಟ ಇನ್ನೂ ಇತ್ತ್. ಆಡದೇ ಇದ್ರೆ ಎಂತದೂ ಅಲ್ಲ. ಇಷ್ಟ್ ವರ್ಷ ಎಂತದೂ ಅಲ್ದೆ ಕೂಕಂಡದ್ದ್ ಸಾಕ್.”

ಪ್ರಫುಲ್ಲಾ ತಂದೆಯ ಬಲೆಯನ್ನು ಮುಟ್ಟಲಿಲ್ಲ. ಹೊಸ ದಾರ ತರಿಸಿ, ಮಂಜಯ್ಯ ಕಲಿಸಿದ ಗಂಟುಗಳನ್ನೇ ಹಾಕುತ್ತ, ಬೆಳಗಿನಿಂದ ಬೈಗಿನವರೆಗೆ ಜಗಲಿಯಲ್ಲಿ ಕುಳಿತು ನೆಟ್ಟು ಹೆಣೆದರು. ಮೇಲಂಚಿಗೆ ಬಿಳಿಯ ಬಟ್ಟೆ ಹೊಲಿದರು. ಅಟ್ಟದ ಮೇಲಿದ್ದ ಮರದ ರ್‍ಯಾಕೆಟ್ಟಿನ ತಂತಿಗಳು ಉದುರಿಹೋಗಿದ್ದವು. ಗಾಳಕ್ಕೆ ಕಟ್ಟುವ ನೈಲಾನ್ ದಾರವನ್ನು ಬಿಗಿದು ಅದನ್ನು ಸರಿಮಾಡಿಕೊಂಡರು. ಬೆರಳ ಗಂಟುಗಳು ಊದಿಕೊಂಡವು. ಉಪ್ಪುನೀರಿನಲ್ಲಿ ಕೈ ಅದ್ದಿ ಮತ್ತೆ ಕುಳಿತರು.

ಭಾನುವಾರ ಇಳಿಬಿಸಿಲಿನಲ್ಲಿ ಇಬ್ಬರೂ ಅಂಗಳಕ್ಕೆ ಬಂದರು. ರತೀಶ್ ಗೇಟಿನ ಹೊರಗೇ ನಿಂತರು. ಧನ್ಯಶ್ರೀ ಸುಣ್ಣದಿಂದ ಗೆರೆ ಎಳೆದಳು. ಪ್ರಫುಲ್ಲಾ ನೆಟ್ಟನ್ನು ಕಂಬದಿಂದ ಕಂಬಕ್ಕೆ ಬಿಗಿದು, ನಡುಭಾಗವನ್ನು ರ್‍ಯಾಕೆಟ್ಟಿನಿಂದ ಅಳೆದು, ಚೂರು ತಗ್ಗಿಸಿದರು. ಹೊಳೆಯ ಬದಿಯ ಗೆರೆಯ ಹಿಂದೆ, ಪಾದ ಜೋಡಿಸಿ ನಿಲ್ಲುವಷ್ಟು ಜಾಗದಲ್ಲಿ, ಮಣ್ಣಿನ ಬಣ್ಣ ನಿಧಾನವಾಗಿ ಕಡುವಾಗತೊಡಗಿತು.

“ಅಮ್ಮಮ್ಮ, ಚೆಂಡೇ ತಕಂಡ್ ಬರ್ಲಿಲ್ಲೆ ನಾವ್,” ಎಂದಳು ಧನ್ಯಶ್ರೀ.

“ಸರ್ವೀಸ್ ಅವಳ್ದ್. ಚೆಂಡ್ ಅವಳ ಕೈಯಂಗೆ ಇತ್ತ್. ನೀನ್ ಆಚಿಗೆ ಹೋಗಿ ನಿಲ್ಲ್.”

ಪ್ರಫುಲ್ಲಾ ರಸ್ತೆಯ ಬದಿಯ ಎಡ ಅಂಕಣದಲ್ಲಿ ನಿಂತರು. ಕಾಗೆಗಳು ಕೂಗುವುದನ್ನು ನಿಲ್ಲಿಸಿದವು. ಹೊಳೆಯ ಕಡೆಯಿಂದ ಬರುತ್ತಿದ್ದ ಗಾಳಿಯೂ ನಿಂತಿತು. ಎದುರಿಗೆ ಯಾರೂ ಇರಲಿಲ್ಲ. ಯಾರಾದರೂ ಕಾಣಿಸಬಹುದೆಂಬ ನಿರೀಕ್ಷೆಯನ್ನು ಅವರು ಇಟ್ಟುಕೊಂಡೂ ಇರಲಿಲ್ಲ. ಇಷ್ಟು ವರ್ಷಗಳಲ್ಲಿ ಆ ಒಂದು ಸರ್ವೀಸನ್ನು ಅವರು ಅಡುಗೆಮನೆಯಲ್ಲಿ ಹಿಂದಿರುಗಿಸಿದ್ದರು, ಎಕ್ಸ್‌ಚೇಂಜಿನ ಕುರ್ಚಿಯಲ್ಲಿ ಕುಳಿತು ಹಿಂದಿರುಗಿಸಿದ್ದರು, ಜ್ವರದಲ್ಲಿ ಮಲಗಿದಾಗಲೂ ಹಿಂದಿರುಗಿಸಿದ್ದರು. ಹೊರಳುವುದಕ್ಕೆ ಬಿಡಬಾರದು, ಮುಂದಕ್ಕೆ ಹೆಜ್ಜೆಯಿಟ್ಟು ನೆಲದಿಂದ ಏಳುತ್ತಿರುವಾಗಲೇ ಕತ್ತರಿಸಬೇಕು.

ಟಕ್.

ಎಡ ಅಂಕಣದ ಸುಣ್ಣದ ಬಳಿ ಕೆಂಪು ಧೂಳು ಚಿಮ್ಮಿತು. ಪ್ರಫುಲ್ಲಾ ಒಂದು ಹೆಜ್ಜೆ ಮುಂದಿಟ್ಟಿದ್ದರು. ರ್‍ಯಾಕೆಟ್ಟಿನ ನೈಲಾನು ಝಣ್ಣೆಂದಿತು. ಮಣಿಕಟ್ಟಿನಿಂದ ಭುಜದವರೆಗೆ ಭಾರ ಏರಿತು, ಮುಖಕ್ಕೆ ನೀರು ಸಿಂಪಡಿಸಿದಂತಾಯಿತು. ತುಟಿಗೆ ಬಿದ್ದ ಹನಿ ಉಪ್ಪಾಗಿತ್ತು. ಸರ್ವೀಸು ಹಿಂದಿರುಗಿತ್ತು. ಎದುರು ಬದಿಯಲ್ಲಿ ಯಾರೋ ಬರಿಗಾಲಿನಲ್ಲಿ ಅಡ್ಡಕ್ಕೆ ಓಡಿದ ಸದ್ದಾಯಿತು. ಮತ್ತೆ ಟಕ್. ಈ ಸಲ ಎತ್ತರಕ್ಕೆ. ತಲೆಯ ಮೇಲಿಂದ ಏನೋ ಹಾದುಹೋದದ್ದು ಪ್ರಫುಲ್ಲಾ ಅವರಿಗೆ ತಿಳಿಯಿತು. ತಿರುಗಿ ಓಡಲು ಕಾಲು ಒಪ್ಪಲಿಲ್ಲ. ಹಿಂದೆ, ಕೊನೆಯ ಗೆರೆಯ ಹತ್ತಿರ, ತಪ್ ಎಂದು ಬಿತ್ತು.

ಆಮೇಲೆ ಸದ್ದಿಲ್ಲ.

ಧನ್ಯಶ್ರೀ ಓಡಿ ಬಂದು ನೋಡಿದಳು. ಒಣನೆಲದ ಮೇಲೆ ಕೋಳಿಮೊಟ್ಟೆಯಾಕಾರದ ಒಂದು ಒದ್ದೆ ಗುರುತು. ಅದರ ಬಹುಭಾಗ ಗೆರೆಯ ಆಚೆಗಿತ್ತು. ಈಚೆಯ ಅಂಚು ಮಾತ್ರ ಸುಣ್ಣವನ್ನು ಉಗುರಿನಷ್ಟು ಕದಡಿತ್ತು.

“ಹೊರ್ಗೇ ಅಲ್ದಾ ಇದ್?” ಎಂದಳು ಅವಳು. “ಹೊರ್ಗೆ ಅಂದ್ರೆ ಆಟ ಸಮ ಆತ್. ನೀವ್ ಸೋಲುದಿಲ್ಲೆ. ಯಾರ್ ಕಾಂತ್ರ್?”

ಪ್ರಫುಲ್ಲಾ ಕಷ್ಟಪಟ್ಟು ಬಗ್ಗಿದರು. ತೀರ್ಪುಗಾರರಿಲ್ಲದ ಆಟದಲ್ಲಿ ತನ್ನ ಬದಿಯ ಗೆರೆಗೆ ತಾನೇ ತೀರ್ಪುಗಾರಳು. ಅವರು ಆಡಿದ ಕಾಲದ ಮರ್ಯಾದೆ ಅದು. ಗೆರೆಯನ್ನು ಸೋಕಿದ ಚೆಂಡು ಒಳಗೆ ಬಿದ್ದಂತೆಯೇ ಲೆಕ್ಕ. ಕದಡಿದ ಸುಣ್ಣವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಎದುರು ಬದಿಯಲ್ಲಿ ಯಾರೋ ಉತ್ತರಕ್ಕಾಗಿ ಉಸಿರು ಹಿಡಿದು ಕಾಯುತ್ತಿರುವುದು ಅವರ ಬೆನ್ನಿಗೆ ಗೊತ್ತಾಗುತ್ತಿತ್ತು.

ಅವರು ನೆಟ್ಟಗೆ ನಿಂತು, ಹೊಳೆಯ ಕಡೆಗೆ ಮುಖ ಮಾಡಿ, ಅಂಗಳದ ತುದಿಗೆ ಕೇಳಿಸುವಂತೆ ಹೇಳಿದರು: “ಒಳ್ಗೆ. ನಿಂದೇ ಆತ್ ಸ್ನೇಹಲತಾ.”

ಪ್ರಫುಲ್ಲಾ ರ್‍ಯಾಕೆಟ್ಟನ್ನು ಕಂಕುಳಿಗೆ ಸಿಕ್ಕಿಸಿ ನೆಟ್ಟಿನ ಕಡೆ ನಡೆದರು. ಅವರು ತಲುಪುವ ಮೊದಲೇ ನೆಟ್ಟಿನ ಬಿಳಿಯ ಅಂಚು, ಆಚೆಯಿಂದ ಯಾರೋ ಮೊಣಕೈ ಊರಿದಂತೆ, ಒಂದು ಕಡೆ ಜಗ್ಗಿತು. ಪಂದ್ಯ ಮುಗಿದ ಮೇಲೆ ಕೈಕುಲುಕುವ ಕ್ರಮದಂತೆ ಅವರು ಬಲಗೈಯನ್ನು ಅದರ ಮೇಲಿಂದ ಆಚೆಗೆ ಚಾಚಿದರು. ಬೆರಳುಗಳು ತಾವಾಗಿ ಒಂದಕ್ಕೊಂದು ಒತ್ತಿಕೊಂಡು ರಕ್ತವಿಲ್ಲದಂತೆ ಬಿಳಿಚಿಕೊಂಡವು. ಮಣಿಕಟ್ಟಿನಿಂದ ನೀರು ತೊಟ್ಟಿಕ್ಕತೊಡಗಿತು.

ಗೇಟಿನ ಹೊರಗಿನಿಂದ ರತೀಶ್ ಕರೆದದ್ದು ಕೇಳಿಸಿತು. ಬೆಳಕು ಇಳಿಯುತ್ತಿತ್ತು. ಧನ್ಯಶ್ರೀ ನಾಲ್ಕು ಹೆಜ್ಜೆ ಹತ್ತಿರ ಬಂದು, ಇನ್ನೂ ಹತ್ತಿರ ಹೋಗಲಾರದೆ ನಿಂತಳು.

“ಅಮ್ಮಮ್ಮ, ಆತಲ್ದಾ? ಹೋಪ, ಬನ್ನಿ.”

“ತಡಿ,” ಎಂದರು ಪ್ರಫುಲ್ಲಾ, ತಿರುಗದೆ. “ಅವಳ್ ಕೈ ಬಿಡ್ಲಿ.”